ಶಾಫ್ಟಿನಲ್ಲಿ ಉಳಿದ ತೂತು

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳ ಸಂಘದ ಸಭೆಯಲ್ಲಿ ನೀರು ಮತ್ತು ಪಾರ್ಕಿಂಗ್ ಬಿಟ್ಟರೆ ಈಗ ಹೆಚ್ಚು ಮಾತು ನಡೆಯುವುದು ಮೊಬೈಲ್ ಸಿಗ್ನಲ್ ಬಗ್ಗೆ. ಕಾರು ಬೇಸ್‌ಮೆಂಟಿಗೆ ಇಳಿದೊಡನೆ ಕರೆ ತುಂಡಾಗುತ್ತದೆ. ಲಿಫ್ಟು ನಡುವೆ ನಿಂತರೆ ಒಳಗಿದ್ದವರ ಫೋನು ಕೆಲಸಕ್ಕೆ ಬರುವುದಿಲ್ಲ. ಹದಿನೈದನೆಯ ಮಹಡಿಯಲ್ಲಿ ಬಾಲ್ಕನಿಗೆ ಬಂದು ನಿಂತವರಿಗಷ್ಟೇ ಮಾತು ಕೇಳಿಸುತ್ತದೆ. ಹೊರಗೆ ಟವರಿಗೆ ಬರವಿಲ್ಲ. ದಪ್ಪ ಕಾಂಕ್ರೀಟು, ಅದರೊಳಗಿನ ಕಬ್ಬಿಣದ ಜಾಲ, ಬಿಸಿಲಿನ ಝಳ ತಡೆಯಲೆಂದು ಗಾಜಿಗೆ ಹಚ್ಚಿದ ತೆಳುವಾದ ಲೋಹದ ಲೇಪ, ಇವೆಲ್ಲ ಸೇರಿ ರೇಡಿಯೋ ಅಲೆಯ ಬಹುಪಾಲನ್ನು ಹೊರಗೇ ನಿಲ್ಲಿಸಿಬಿಡುತ್ತವೆ.

ಆದ್ದರಿಂದ ಸಿಗ್ನಲ್ಲನ್ನು ಕೇಬಲ್ಲಿನಲ್ಲೇ ಕಟ್ಟಡದೊಳಕ್ಕೆ ತರಬೇಕಾಗುತ್ತದೆ. ಈ ಕಸುಬಿನವರು ಆ ವ್ಯವಸ್ಥೆಯನ್ನು ಐಬಿಎಸ್ ಎಂದು ಕರೆಯುತ್ತಾರೆ. ಬೇಸ್‌ಮೆಂಟಿನ ಒಂದು ಕೋಣೆಯಲ್ಲಿ ಮುಖ್ಯ ಉಪಕರಣ ಕೂರುತ್ತದೆ. ಅಲ್ಲಿಂದ ಆಪ್ಟಿಕಲ್ ಫೈಬರ್, ಕೇಬಲ್ಲುಗಳಿಗೆಂದೇ ಬಿಟ್ಟ ಲಂಬವಾದ ಶಾಫ್ಟಿನೊಳಗೆ ಮೇಲೇರಿ, ಕೆಲವು ಮಹಡಿಗಳಿಗೊಂದರಂತೆ ಇಟ್ಟ ರಿಮೋಟ್ ಯೂನಿಟ್ಟುಗಳನ್ನು ಮುಟ್ಟುತ್ತದೆ. ಅವು ಬೆಳಕನ್ನು ಮತ್ತೆ ರೇಡಿಯೋ ಅಲೆಯಾಗಿಸುತ್ತವೆ. ಅಲ್ಲಿಂದ ಮುಂದೆ ಅರ್ಧ ಇಂಚಿನ ಫೀಡರ್ ಕೇಬಲ್, ಸಿಗ್ನಲ್ ಹಂಚುವ ಸ್ಪ್ಲಿಟರು, ಕೊನೆಗೆ ಸೀಲಿಂಗಿಗೆ ಅಂಟಿಕೊಂಡಿರುವ ಅಂಗೈಯಗಲದ ಬಿಳಿ ಆಂಟೆನಾ. ಇಷ್ಟು ದಿನ ಇದು ಟೆಕ್ ಪಾರ್ಕು, ಮಾಲು, ಆಸ್ಪತ್ರೆಗಳ ವಿಷಯವಾಗಿತ್ತು. 2024ರ ಅಕ್ಟೋಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಕಟ್ಟಡಗಳ ಡಿಜಿಟಲ್ ಸಂಪರ್ಕಕ್ಕೆ ನಕ್ಷತ್ರಗಳ ಶ್ರೇಣಿ ಕೊಡುವ ನಿಯಮಾವಳಿ ಹೊರಡಿಸಿದ ಮೇಲೆ ಬಿಲ್ಡರುಗಳೂ ಇದರತ್ತ ಕಣ್ಣು ಹಾಯಿಸಿದ್ದಾರೆ. ಬರುವ ವರ್ಷಗಳಲ್ಲಿ ನಮ್ಮ ಮನೆಗಳ ತಲೆಯ ಮೇಲೆ, ಗೋಡೆಯ ಹಿಂದೆ ಈ ಕೆಲಸ ಇನ್ನೂ ಹೆಚ್ಚಲಿದೆ. ಅದನ್ನು ಹೇಗೆ ಮಾಡಬೇಕೆಂಬುದು ಮಾಡುವವರಿಗಷ್ಟೇ ಅಲ್ಲ, ಮಾಡಿಸುವವರಿಗೂ ತಿಳಿದಿರಬೇಕು ಎಂಬ ಕಾರಣಕ್ಕೆ ಈ ಬರಹ.

ಸಂಘದಲ್ಲಿ ಪ್ರಸ್ತಾಪ ಬಂದೊಡನೆ ಏಳುವ ಮೊದಲ ಪ್ರಶ್ನೆ ವಿಕಿರಣದ್ದು. ಮಗು ಮಲಗುವ ಕೋಣೆಯ ಹೊರಗೆ ಆಂಟೆನಾ ಬೇಡ ಎನ್ನುತ್ತಾರೆ ತಾಯಂದಿರು. ಈ ಆತಂಕವನ್ನು ತಳ್ಳಿಹಾಕಿ ಮಾತಾಡುವವರನ್ನು ಕಂಡರೆ ನನಗೆ ಬೇಸರ. ಕೇಳಿದವರಿಗೆ ಲೆಕ್ಕ ತೋರಿಸಿದರೆ ಸಾಕು. ಸೀಲಿಂಗಿನ ಆಂಟೆನಾಕ್ಕೆ ಒಂದು ಬ್ಯಾಂಡಿನಲ್ಲಿ ಸಾಮಾನ್ಯವಾಗಿ 30 ಮಿಲಿವ್ಯಾಟ್ ಆಸುಪಾಸಿನ ಶಕ್ತಿ ಕೊಡುತ್ತಾರೆ. ಆಂಟೆನಾ ಅದನ್ನು ಒಂದಿಷ್ಟು ಕೇಂದ್ರೀಕರಿಸಿ ಹರಡಿದರೂ, ಒಂದು ಮೀಟರ್ ದೂರದಲ್ಲಿ ಪ್ರತಿ ಚದರ ಮೀಟರಿಗೆ ಬೀಳುವುದು ಸುಮಾರು 5 ಮಿಲಿವ್ಯಾಟ್. ಎರಡು ಮೀಟರಿಗೆ ಹೋದರೆ ಅದರ ಕಾಲು ಭಾಗ. ಭಾರತ ಸರ್ಕಾರ 2012ರ ಸೆಪ್ಟೆಂಬರ್ 1ರಿಂದ ಜಾರಿಗೆ ತಂದ ಮಿತಿ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಮಿತಿಯ ಹತ್ತನೇ ಒಂದು ಭಾಗದಷ್ಟೇ. 1,800 ಮೆಗಾಹರ್ಟ್ಸ್‌ನಲ್ಲಿ ಆ ಮಿತಿ ಚದರ ಮೀಟರಿಗೆ ಸುಮಾರು 900 ಮಿಲಿವ್ಯಾಟ್. ಎಲ್ಲ ಕಂಪನಿಗಳ ಎಲ್ಲ ಬ್ಯಾಂಡುಗಳೂ ಒಂದೇ ಆಂಟೆನಾದಿಂದ ಹೊರಟವೆಂದು ಭಾವಿಸಿ ಹತ್ತರಿಂದ ಗುಣಿಸಿದರೂ ಮಿತಿಗೂ ಅದಕ್ಕೂ ಬಹಳ ಅಂತರ ಉಳಿಯುತ್ತದೆ.

ಇನ್ನೊಂದು ಸಂಗತಿ ಬಹಳ ಮಂದಿಗೆ ಗೊತ್ತಿಲ್ಲ. 4ಜಿ ಫೋನು ಗರಿಷ್ಠ 200 ಮಿಲಿವ್ಯಾಟ್ ಶಕ್ತಿಯಲ್ಲಿ ಕೂಗಬಲ್ಲದು. ಟವರು ದೂರವಿದ್ದರೆ, ಗೋಡೆ ಅಡ್ಡವಿದ್ದರೆ ಅದು ಆ ಗರಿಷ್ಠಕ್ಕೇ ಏರುತ್ತದೆ. ಸಿಗ್ನಲ್ ಚೆನ್ನಾಗಿದ್ದರೆ ತಾನಾಗಿ ದನಿ ತಗ್ಗಿಸುತ್ತದೆ. ಕಿವಿಗೆ ಒತ್ತಿಕೊಳ್ಳುವುದು ಫೋನನ್ನೇ ಹೊರತು ಸೀಲಿಂಗಿನ ಆಂಟೆನಾವನ್ನಲ್ಲ. ಹಾಗಾಗಿ ಹತ್ತಿರದಲ್ಲೊಂದು ಸಣ್ಣ ಆಂಟೆನಾ ಇದ್ದರೆ ನಮ್ಮ ಮೈಗೆ ತಾಗುವ ಒಟ್ಟು ಶಕ್ತಿ ಕಡಿಮೆಯಾಗುವ ಸಾಧ್ಯತೆಯೇ ಹೆಚ್ಚು.

ತಾರಸಿಯ ಮಾತು ಬೇರೆ. ಅಲ್ಲಿ ಕಂಬಕ್ಕೆ ಕಟ್ಟಿದ ಉದ್ದನೆಯ ಸೆಕ್ಟರ್ ಆಂಟೆನಾಕ್ಕೆ ಒಂದು ಕ್ಯಾರಿಯರಿಗೆ 40 ವ್ಯಾಟ್ ಕೊಟ್ಟರೆ, ಅದು ಐವತ್ತು ಪಟ್ಟು ಕೇಂದ್ರೀಕರಿಸಿ ಒಂದೇ ದಿಕ್ಕಿಗೆ ಕಳಿಸುತ್ತದೆ. ಎದುರಿಗೆ ನಿಂತವನ ಪಾಲಿಗೆ ಅದು 2,000 ವ್ಯಾಟಿನ ಮೂಲ. ಸರಳ ಲೆಕ್ಕ ಹಾಕಿದರೂ ಸಾರ್ವಜನಿಕ ಮಿತಿಯೊಳಗೆ ಇರಬೇಕಾದರೆ ನೇರ ಎದುರಿಗೆ ಹತ್ತು ಮೀಟರಿಗಿಂತ ಹೆಚ್ಚು ದೂರ ಬೇಕು. ಹಿಂಬದಿಯಲ್ಲಿ, ಕೆಳಗೆ ಅಷ್ಟಿಲ್ಲ. ನೀರಿನ ಟ್ಯಾಂಕ್ ತೊಳೆಯಲು ಬಂದವನು, ಸೋಲಾರ್ ಪ್ಯಾನೆಲ್ ಒರೆಸುವವನು, ಮಳೆಗಾಲಕ್ಕೆ ಮುಂಚೆ ವಾಟರ್‌ಪ್ರೂಫಿಂಗ್ ಮಾಡುವವನು ಗೊತ್ತಿಲ್ಲದೆ ಆಂಟೆನಾದ ಮುಂದೆ ಗಂಟೆಗಟ್ಟಲೆ ಕೂರುವುದುಂಟು. ಆಂಟೆನಾ ತಿರುಗಿಸಲು ಬರುವ ಕೆಲಸಗಾರನಂತೂ ಅದನ್ನು ಮುಟ್ಟಿಕೊಂಡೇ ನಿಲ್ಲುತ್ತಾನೆ. ಅವನು ಏರುವ ಮೊದಲು ಆ ಸೆಕ್ಟರನ್ನು ಆಫ್ ಮಾಡಿಸಬೇಕು; ಆಫ್ ಆಗಿದೆಯೆಂದು ಫೋನಿನಲ್ಲಿ ಯಾರೋ ಹೇಳಿದರೆ ಸಾಲದು, ಎದೆಗೆ ಸಿಕ್ಕಿಸಿಕೊಳ್ಳುವ ಆರ್‌ಎಫ್ ಮಾನಿಟರಿನಲ್ಲಿ ನೋಡಿಯೇ ಮುಂದುವರಿಯಬೇಕು. ತಾರಸಿಯ ಬಾಗಿಲಿಗೆ ಬೀಗ, ಆಂಟೆನಾದ ಮುಂದೆ ಹಳದಿ ಗೆರೆ, ಕನ್ನಡದಲ್ಲಿ ಬರೆದ ಫಲಕ, ಇಷ್ಟು ಇರಲೇಬೇಕು. ಇಂಗ್ಲಿಷಿನಲ್ಲಷ್ಟೇ ಬರೆದ ಎಚ್ಚರಿಕೆ ಟ್ಯಾಂಕ್ ತೊಳೆಯುವವನಿಗೆ ತಲುಪದು.

ಅಂದರೆ ಜನ ಹೆದರುವ ಜಾಗದಲ್ಲಿ ಅಪಾಯ ಕಡಿಮೆ. ಹೆಚ್ಚಿನ ಅಪಾಯ ಇರುವ ಜಾಗವನ್ನು ಸಂಘದ ಸಭೆಯಲ್ಲಿ ಯಾರೂ ಕೇಳುವುದಿಲ್ಲ. ಅದು ಶಾಫ್ಟು.

2010ರ ಫೆಬ್ರುವರಿ 23. ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್‌ನಲ್ಲಿ ವಿದ್ಯುತ್ ಕೇಬಲ್ಲುಗಳ ಡಕ್ಟಿನಲ್ಲಿ ಬೆಂಕಿ ಹೊತ್ತಿತು. ಮೇಲಿನ ಮಹಡಿಗಳಿಗೆ ಜ್ವಾಲೆಗಿಂತ ಮೊದಲು ತಲುಪಿದ್ದು ಹೊಗೆ. ಉಸಿರುಗಟ್ಟಿದವರು ಕಿಟಕಿಯ ಗಾಜು ಒಡೆದರು, ಕೆಲವರು ಕೆಳಗೆ ಹಾರಿದರು. 9 ಜನ ಸತ್ತರು. ಸತ್ತವರ ಮನೆಯವರು ಮತ್ತು ಬದುಕುಳಿದವರು ಸೇರಿ ಮುಂದೆ ಬಿಯಾಂಡ್ ಕಾರ್ಲ್ಟನ್ ಎಂಬ ಸಂಸ್ಥೆ ಕಟ್ಟಿ ಅಗ್ನಿ ಸುರಕ್ಷತೆಗಾಗಿ ದುಡಿಯುತ್ತಿದ್ದಾರೆ. ಆ ದಿನ ಹೊತ್ತಿದ್ದು ಫೈಬರ್ ಕೇಬಲ್ ಅಲ್ಲ. ಆದರೆ ಕೇಬಲ್ ಹಾಯುವ ಲಂಬವಾದ ದಾರಿಯೊಂದು ಇಡೀ ಕಟ್ಟಡಕ್ಕೆ ಏನು ಮಾಡಬಲ್ಲದು ಎಂಬುದನ್ನು ಈ ಊರು ಕಣ್ಣಾರೆ ಕಂಡಿದೆ. ಬಿಸಿ ಹೊಗೆ ಮೇಲಕ್ಕೇ ಹೋಗುತ್ತದೆ. ನೆಲಮಹಡಿಯಿಂದ ತಾರಸಿಯವರೆಗೆ ತೆರೆದಿರುವ ಶಾಫ್ಟು ಅದಕ್ಕೆ ಚಿಮಣಿ.

ಈ ಕಾರಣಕ್ಕೇ ಶಾಫ್ಟನ್ನು ಪ್ರತಿ ಮಹಡಿಯ ಮಟ್ಟದಲ್ಲೂ ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕೆಂದು ಅಗ್ನಿಸುರಕ್ಷತೆಯ ಪಾಠ ಹೇಳುತ್ತದೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಅದನ್ನು ಬಯಸುತ್ತದೆ. ಕಟ್ಟಡ ಕಟ್ಟುವಾಗ ಮುಚ್ಚಿಯೂ ಇರುತ್ತಾರೆ ಎಂದಿಟ್ಟುಕೊಳ್ಳೋಣ. ಆಮೇಲೆ ಒಂದು ಇಂಟರ್‌ನೆಟ್ ಕಂಪನಿ ಬಂದು ಮೂರಿಂಚಿನ ತೂತು ಕೊರೆಯುತ್ತದೆ. ಎರಡು ವರ್ಷ ಬಿಟ್ಟು ಇನ್ನೊಂದು ಬರುತ್ತದೆ. ಸಿಸಿಟಿವಿಯವರು, ಇಂಟರ್‌ಕಾಮಿನವರು, ಈಗ ಐಬಿಎಸ್‌ನವರು. ಕೇಬಲ್ ಹೋದ ಮೇಲೆ ತೂತಿನ ಮುಕ್ಕಾಲು ಭಾಗ ಹಾಗೇ ಉಳಿಯುತ್ತದೆ. ಹತ್ತು ವರ್ಷ ಹಳೆಯ ಕಟ್ಟಡದ ಶಾಫ್ಟಿನ ಬಾಗಿಲು ತೆಗೆಸಿ ಟಾರ್ಚು ಬಿಟ್ಟು ನೋಡಿ. ಎಷ್ಟೋ ಕಡೆ ಮೂರು ನಾಲ್ಕು ಮಹಡಿ ಕೆಳಗಿನ ಬೆಳಕು ಕಾಣುತ್ತದೆ. ಇದನ್ನು ಯಾಕೆ ಹೀಗೇ ಬಿಟ್ಟಿರಿ ಎಂದು ಕೇಳಿದರೆ ಸಿಗುವ ಉತ್ತರವೂ ಎಲ್ಲ ಕಡೆ ಒಂದೇ: "ಅದು ನಮ್ಮ ಸ್ಕೋಪಲ್ಲಿ ಬರಲ್ಲ ಸಾರ್, ಸಿವಿಲ್‌ನವರು ಮಾಡ್ಬೇಕು." ಸಿವಿಲ್‌ನವರು ಕಟ್ಟಡ ಬಿಟ್ಟು ಎಷ್ಟೋ ವರ್ಷವಾಗಿರುತ್ತದೆ.

ಕೆಲವರು ತೂತು ಮುಚ್ಚುತ್ತಾರೆ, ಆದರೆ ಸ್ಪ್ರೇ ಡಬ್ಬಿಯಿಂದ ಹಳದಿ ಫೋಮ್ ಊದಿ. ಬಾಗಿಲ ಚೌಕಟ್ಟಿನ ಸಂದಿಗೆ ಹಾಕುವ ಪಾಲಿಯುರೆಥೇನ್ ಫೋಮ್ ಅದು. ನೋಡಲು ಅಚ್ಚುಕಟ್ಟು, ಸಾಮಾನ್ಯ ಬಗೆಯದು ಬೆಂಕಿಗೆ ಸಿಕ್ಕರೆ ತಾನೇ ಉರಿಯುತ್ತದೆ. ಇದರ ಪಾಠ ಜಗತ್ತಿಗೆ 1975ರ ಮಾರ್ಚ್ 22ರಂದೇ ಸಿಕ್ಕಿತ್ತು. ಅಮೆರಿಕದ ಅಲಬಾಮಾ ರಾಜ್ಯದ ಬ್ರೌನ್ಸ್ ಫೆರಿ ಪರಮಾಣು ವಿದ್ಯುತ್ ಸ್ಥಾವರದಲ್ಲಿ ಕೇಬಲ್ಲುಗಳು ಗೋಡೆ ದಾಟುವ ಜಾಗವನ್ನು ಪಾಲಿಯುರೆಥೇನ್ ಫೋಮಿನಿಂದ ಮುಚ್ಚುತ್ತಿದ್ದರು. ಎಲ್ಲಾದರೂ ಗಾಳಿ ಸೋರುತ್ತಿದೆಯೇ ಎಂದು ತಿಳಿಯಲು ಕೆಲಸಗಾರರು ಮೇಣದಬತ್ತಿ ಹಿಡಿದು ಜ್ವಾಲೆ ಯಾವ ಕಡೆ ವಾಲುತ್ತದೆಂದು ನೋಡುವ ರೂಢಿಯಿತ್ತು. ಅಂದು ಗಾಳಿಯ ಸೆಳೆತಕ್ಕೆ ಜ್ವಾಲೆ ಫೋಮಿಗೇ ತಾಗಿತು. ಸುಮಾರು ಏಳು ಗಂಟೆ ಉರಿದ ಆ ಬೆಂಕಿಯಲ್ಲಿ 1,600ಕ್ಕೂ ಹೆಚ್ಚು ಕೇಬಲ್ಲುಗಳು ಹಾಳಾದವು, ರಿಯಾಕ್ಟರಿನ ಸುರಕ್ಷತಾ ವ್ಯವಸ್ಥೆಗಳೇ ಕೈಕೊಟ್ಟವು. ಕೇಬಲ್ ತೂತನ್ನು ಯಾವ ವಸ್ತುವಿನಿಂದ ಮುಚ್ಚಬೇಕು ಎಂಬ ಪ್ರಶ್ನೆಯನ್ನು ಪರಮಾಣು ಉದ್ಯಮ ಗಂಭೀರವಾಗಿ ತೆಗೆದುಕೊಂಡಿದ್ದು ಆ ಮೇಲೆ.

ಸರಿಯಾದ ವಸ್ತು ಪೇಟೆಯಲ್ಲಿ ಸಿಗುತ್ತದೆ. ಬಿಸಿ ತಾಗಿದಾಗ ಉಬ್ಬಿ ಸಂದಿ ತುಂಬಿಕೊಳ್ಳುವ ಫೈರ್ ಸೀಲೆಂಟ್ ಇದೆ. ಮತ್ತೆ ಮತ್ತೆ ಕೇಬಲ್ ಎಳೆಯುವ ಕಡೆ ತೆಗೆದು ಹಾಕಬಹುದಾದ ದಿಂಬಿನಂಥ ಚೀಲಗಳಿವೆ, ಅಗಲವಾದ ತೆರಪಿಗೆ ಖನಿಜ ನಾರಿನ ಹಲಗೆಯಿದೆ. ಎಷ್ಟು ಹೊತ್ತು ಬೆಂಕಿ ತಡೆಯಬಲ್ಲದೆಂಬ ಪರೀಕ್ಷಾ ಪ್ರಮಾಣಪತ್ರ ಅದರ ಜೊತೆಗಿರಬೇಕು. ಕೇಬಲ್ಲಿನ ಹೊರಕವಚದ ಬಗ್ಗೆಯೂ ಕೇಳಬೇಕು. ಮಾಮೂಲಿ ಪಿವಿಸಿ ಕವಚ ಸುಟ್ಟರೆ ದಟ್ಟ ಕಪ್ಪು ಹೊಗೆಯೊಂದಿಗೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬಿಡುತ್ತದೆ. ಅದು ತೇವದ ಕಣ್ಣು, ಗಂಟಲು ತಲುಪಿದಾಗ ಆಮ್ಲವಾಗುತ್ತದೆ. ಮೆಟ್ಟಿಲು ಹುಡುಕುತ್ತಿರುವವನಿಗೆ ಕಣ್ಣು ಬಿಡಲಾಗುವುದಿಲ್ಲ. ಎಲ್‌ಎಸ್‌ಜೆಡ್‌ಎಚ್ ಎಂಬ ಗುರುತಿರುವ ಕೇಬಲ್ಲು ಕಡಿಮೆ ಹೊಗೆ ಬಿಡುತ್ತದೆ, ಅದರಲ್ಲಿ ಕ್ಲೋರಿನ್ ಬಗೆಯ ಧಾತುಗಳಿಲ್ಲ. ಬೆಲೆ ಸ್ವಲ್ಪ ಹೆಚ್ಚು. ಜನ ವಾಸಿಸುವ ಕಟ್ಟಡದ ಶಾಫ್ಟಿನಲ್ಲಿ ಬೇರೆಯದಕ್ಕೆ ಒಪ್ಪಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ತೂತು ಕೊರೆಯುವ ಕೆಲಸವೇ ಇನ್ನೊಂದು ಅಧ್ಯಾಯ. ಬೆಂಗಳೂರಿನ ಹಲವು ಕಚೇರಿ ಕಟ್ಟಡಗಳ ಚಾವಣಿ ಪೋಸ್ಟ್ ಟೆನ್ಷನ್ ಬಗೆಯದು: ಕಾಂಕ್ರೀಟಿನೊಳಗೆ ಉಕ್ಕಿನ ಹುರಿಗಳನ್ನು ಭಾರೀ ಬಲದಿಂದ ಎಳೆದು ಬಿಗಿದಿರುತ್ತಾರೆ. ಆಂಟೆನಾ ನೇತುಹಾಕುವ ರಾಡಿಗೆಂದು ಕೊರೆಯುವ ಡ್ರಿಲ್ಲಿನ ಮೊನೆ ಅಂಥ ಹುರಿಗೆ ತಾಗಿ ಅದು ತುಂಡಾದರೆ, ಒಳಗೆ ಹಿಡಿದಿಟ್ಟ ಬಲವೆಲ್ಲ ಒಮ್ಮೆಲೇ ಬಿಡುಗಡೆಯಾಗಿ ಕಾಂಕ್ರೀಟು ಸಿಡಿಯಬಹುದು. ಚಾವಣಿಯ ಬಲವೂ ಕುಗ್ಗುತ್ತದೆ. ಅದಕ್ಕೇ ಮೊದಲು ಸ್ಕ್ಯಾನರಿನಿಂದ ಹುರಿ ಎಲ್ಲಿದೆಯೆಂದು ಗುರುತು ಹಾಕಿ, ಕಟ್ಟಡದ ನಕ್ಷೆಯೊಂದಿಗೆ ತಾಳೆ ನೋಡಿ, ಡ್ರಿಲ್ಲಿಗೆ ಆಳದ ತಡೆ ಹಾಕಿ ಕೊರೆಯಬೇಕು. ಮನೆಗಳಲ್ಲಿ ಇಷ್ಟು ಬೇಡವಾದರೂ ಗೋಡೆಯೊಳಗೆ ಹುದುಗಿದ ವಿದ್ಯುತ್ ಪೈಪು ಇದ್ದೇ ಇರುತ್ತದೆ. ಕೊರೆಯುವಾಗ ಏಳುವ ಧೂಳು ಬರಿಯ ಕಸವಲ್ಲ, ಅದರಲ್ಲಿ ಸಿಲಿಕಾ ಇದೆ. ವರ್ಷಗಟ್ಟಲೆ ಉಸಿರಾಡಿದವನ ಶ್ವಾಸಕೋಶ ಗಟ್ಟಿಯಾಗುತ್ತದೆ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡರೆ ಆ ಸಣ್ಣ ಕಣ ನಿಲ್ಲುವುದಿಲ್ಲ, ಅದಕ್ಕೆ ತಕ್ಕ ಮಾಸ್ಕು ಬೇಕು. ಗೋದಾಮು, ಕಾರ್ಖಾನೆಗಳಲ್ಲಿ ಕಲ್ನಾರಿನ ಶೀಟಿನ ಮೇಲೆ ಹತ್ತುವ ಪ್ರಸಂಗ ಬರುತ್ತದೆ. ಬಿಸಿಲು ಮಳೆಗೆ ಪೆಡಸಾದ ಆ ಶೀಟು ಕಾಲಿಟ್ಟೊಡನೆ ಮುರಿದು ಆಳು ನೇರ ಕೆಳಕ್ಕೆ ಬೀಳುತ್ತಾನೆ. ಹಲಗೆ ಹಾಸದೆ ಅದರ ಮೇಲೆ ಯಾರನ್ನೂ ಹತ್ತಿಸಬಾರದು, ಅದನ್ನು ಒಣಗಿದ ಸ್ಥಿತಿಯಲ್ಲಿ ಕೊರೆಯಲೂ ಬಾರದು.

ಬೀಳುವುದಕ್ಕೆ ಟವರೇ ಬೇಕಿಲ್ಲ. ಫಾಲ್ಸ್ ಸೀಲಿಂಗಿನ ಚೌಕ ತೆಗೆದು, ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತು, ಎರಡೂ ಕೈ ಮೇಲೆತ್ತಿ ಫೀಡರ್ ಕೇಬಲ್ ತಿರುಗಿಸುವವನಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಹತ್ತಡಿಯಿಂದ ಬಿದ್ದು ತಲೆಗೆ ಪೆಟ್ಟಾದರೂ ಜೀವ ಹೋಗುತ್ತದೆ. ಕೈಗಂಬಿಯಿರುವ ಪ್ಲಾಟ್‌ಫಾರ್ಮ್ ಏಣಿ ಅಥವಾ ಚಕ್ರದ ಸ್ಕ್ಯಾಫೋಲ್ಡು ತಂದರೆ ಈ ತೊಂದರೆ ತಪ್ಪುತ್ತದೆ. ಶಾಫ್ಟಿನೊಳಗೆ ಕೆಲವು ಕಡೆ ನೆಲವೇ ಇರುವುದಿಲ್ಲ, ಬರಿಯ ಕಬ್ಬಿಣದ ಟ್ರೇ. ಅಲ್ಲಿಗೆ ಒಳಹೋಗುವವನಿಗೆ ಇಡೀ ಮೈಗೆ ಹಾಕುವ ಹಾರ್ನೆಸ್ ಇರಬೇಕು, ಎರಡು ಹಗ್ಗದ್ದು. ಒಂದನ್ನು ಬಿಚ್ಚಿ ಮುಂದೆ ಸಿಕ್ಕಿಸುವಾಗ ಇನ್ನೊಂದು ಹಿಡಿದಿರಬೇಕು. ಬರಿಯ ಸೊಂಟದ ಬೆಲ್ಟು ಬಿದ್ದಾಗ ಬೆನ್ನುಮೂಳೆಗೇ ಹೊಡೆತ ಕೊಡುತ್ತದೆ. ಇನ್ನು ಬಿದ್ದು ಹಾರ್ನೆಸ್ಸಿನಲ್ಲಿ ನೇತಾಡುವವನನ್ನು ಬೇಗನೆ ಇಳಿಸದಿದ್ದರೆ ಕಾಲಿನಲ್ಲಿ ರಕ್ತ ನಿಂತು ಅವನು ಎಚ್ಚರ ತಪ್ಪಬಹುದು. ಅವನನ್ನು ಯಾರು, ಹೇಗೆ ಇಳಿಸುವುದು ಎಂಬುದನ್ನು ಹತ್ತುವ ಮೊದಲೇ ಮಾತಾಡಿಕೊಂಡಿರಬೇಕು.

ಫೈಬರಿಗೆ ಬರೋಣ. ಗಾಜಿನ ಎಳೆ, ಒಳಗೆ ಬೆಳಕು, ಶಾಕ್ ಹೊಡೆಯುವುದಿಲ್ಲ. ಹಾಗಾಗಿ ಇದು ಸಾಧು ಎಂಬ ಭಾವನೆ ಕೆಲಸಗಾರರಲ್ಲೂ ಇದೆ. ಎಳೆಯ ಗಾಜಿನ ಭಾಗ 125 ಮೈಕ್ರಾನ್ ದಪ್ಪ, ಬೆಳಕು ಹರಿಯುವ ನಡುಭಾಗ ಸುಮಾರು 9 ಮೈಕ್ರಾನ್. ಅದರಲ್ಲಿ ಹರಿಯುವ 1,310 ಅಥವಾ 1,550 ನ್ಯಾನೋಮೀಟರಿನ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ, ತಲೆ ಹಿಂದೆ ಸರಿಯುವುದಿಲ್ಲ. ಐಬಿಎಸ್‌ನಲ್ಲಿ ಇದರ ಶಕ್ತಿ ಕೆಲವೇ ಮಿಲಿವ್ಯಾಟ್ ಇರಬಹುದು. ಆದರೆ ಕನೆಕ್ಟರಿನ ಮುಖ ಸ್ವಚ್ಛವಾಗಿದೆಯೇ ಎಂದು ನೋಡುವ ಭೂತಗನ್ನಡಿ ಆ ಕಿರಣವನ್ನು ಕಣ್ಣಿನೊಳಕ್ಕೆ ಒಟ್ಟುಗೂಡಿಸಿ ಕೊಡುತ್ತದೆ. ದೂರದ ಮಾರ್ಗಗಳಲ್ಲಿ ಆಂಪ್ಲಿಫೈಯರ್ ಇದ್ದರೆ ಶಕ್ತಿ ಬಹಳ ಹೆಚ್ಚು. ಕೊಳೆ ಕೂತ ಕನೆಕ್ಟರಿನ ಮುಖವೇ ಸುಡುವಷ್ಟು.

ಈಚೆಗೆ ಒಂದು ಚಾಳಿ ಹಬ್ಬಿದೆ. ಬೆಳಕಿದೆಯೇ ಎಂದು ತಿಳಿಯಲು ಫೈಬರಿನ ತುದಿಯನ್ನು ಮೊಬೈಲ್ ಕ್ಯಾಮೆರಾದೆದುರು ಹಿಡಿಯುವುದು. ಕೆಲವು ಹಳೆಯ ಉಪಕರಣಗಳ 850 ನ್ಯಾನೋಮೀಟರಿನ ಬೆಳಕು ಹೀಗೆ ನೇರಳೆ ಚುಕ್ಕೆಯಾಗಿ ಕಾಣಬಹುದು. ಕ್ಯಾಮೆರಾದ ಸಿಲಿಕಾನ್ ಸಂವೇದಕಕ್ಕೆ ಸುಮಾರು 1,100 ನ್ಯಾನೋಮೀಟರ್ ದಾಟಿದ ಬೆಳಕು ಗೊತ್ತಾಗುವುದೇ ಇಲ್ಲ. 1,310, 1,550 ಎರಡೂ ಅದರಾಚೆಗಿನವು. ಪರದೆಯಲ್ಲಿ ಕತ್ತಲಿದೆಯೆಂದು ನಂಬಿ ಕಣ್ಣು ಹತ್ತಿರ ತಂದವನು ಜೀವಂತ ಲೇಸರನ್ನೇ ನೋಡುತ್ತಿರಬಹುದು. ಬೆಳಕಿದೆಯೋ ಇಲ್ಲವೋ ಎಂದು ಹೇಳಬಲ್ಲದ್ದು ಪವರ್ ಮೀಟರ್ ಒಂದೇ. ಅದು ಕೈಯಲ್ಲಿಲ್ಲದ ಸ್ಪ್ಲೈಸರನಿಗೆ, ಅಂದರೆ ಎಳೆ ಬೆಸೆಯುವವನಿಗೆ, ಕೆಲಸ ಕೊಡಬಾರದು.

ಲೇಸರಿಗಿಂತ ದಿನವೂ ಕಾಡುವುದು ಗಾಜಿನ ಚೂರು. ಎರಡು ಎಳೆ ಬೆಸೆಯುವಾಗ ಪ್ರತಿ ಸಲ ತುದಿ ಕತ್ತರಿಸಬೇಕು, ಕತ್ತರಿಸಿದ ಚೂರು ಬಣ್ಣವಿಲ್ಲದ ಸೂಜಿ. ಬೆರಳಿಗೆ ಚುಚ್ಚಿ ಮುರಿದರೆ ಕೀಳುವುದು ಕಷ್ಟ, ಕಣ್ಣಿಗೆ ಹೋದರೆ ಆಸ್ಪತ್ರೆ. ಕಪ್ಪು ಬಟ್ಟೆ ಹಾಸಿ ಅದರ ಮೇಲೆ ಕೆಲಸ ಮಾಡಿದರೆ ಚೂರು ಕಾಣುತ್ತದೆ. ಅವನ್ನು ಎಣಿಸಿ ಮುಚ್ಚಳದ ಡಬ್ಬಿಗೆ ಹಾಕಬೇಕು, ಕೈ ತೊಳೆಯದೆ ಊಟಕ್ಕೆ ಕೂರಬಾರದು. ಕೆಲಸ ಮುಗಿದ ಮೇಲೆ ಆ ಕಾರಿಡಾರಿನಲ್ಲಿ ಬರಿಗಾಲಿನ ಮಕ್ಕಳು ಓಡಾಡುತ್ತಾರೆ ಎಂಬುದನ್ನು ಕೆಲಸಗಾರನಿಗೆ ನೆನಪಿಸಬೇಕಾದವರು ನಾವೇ. ಬೆಸೆಯುವ ಯಂತ್ರ ವಿದ್ಯುತ್ ಕಿಡಿಯಿಂದ ಗಾಜು ಕರಗಿಸುತ್ತದೆ. ಪಕ್ಕದಲ್ಲೇ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಬಾಟಲಿ ತೆರೆದಿಟ್ಟರೆ ಅದರ ಆವಿ ಹೊತ್ತಿಕೊಳ್ಳಬಹುದು. ರಸ್ತೆಯ ಮ್ಯಾನ್‌ಹೋಲಿನಲ್ಲಂತೂ ಮೀಥೇನ್ ತುಂಬಿದ್ದರೆ ಆ ಕಿಡಿಯೇ ಸ್ಫೋಟಕ್ಕೆ ಸಾಕು, ಆಮ್ಲಜನಕವಿಲ್ಲದಿದ್ದರೆ ಇಳಿದವನು ಮೇಲೆ ಬರುವುದಿಲ್ಲ. ಎಳೆಯನ್ನು ಉದ್ದ ಬಿಟ್ಟುಕೊಂಡು, ಮೇಲೆ ತಂದು ನೆಲದ ಮೇಲೆ ಕೂತು ಬೆಸೆಯುವುದು ಒಳ್ಳೆಯದು. ಇಳಿಯಲೇಬೇಕಾದರೆ ಗ್ಯಾಸ್ ಮೀಟರ್ ಇಳಿಬಿಟ್ಟು ನೋಡಿ, ಮೇಲೊಬ್ಬನನ್ನು ನಿಲ್ಲಿಸಿ ಇಳಿಯಬೇಕು.

ಕೇಬಲ್ ಎಳೆಯುವ ರೀತಿಗೂ ಸುರಕ್ಷತೆಗೂ ಸಂಬಂಧವಿದೆ. ಫೈಬರ್ ಕೇಬಲ್ಲಿನೊಳಗೆ ಹಳದಿ ಬಣ್ಣದ ಅರಾಮಿಡ್ ನೂಲಿರುತ್ತದೆ. ಎಳೆಯುವ ಹಗ್ಗವನ್ನು ಆ ನೂಲಿಗೆ ಕಟ್ಟಬೇಕು, ಕವಚಕ್ಕಲ್ಲ. ಎಳೆಯುವಾಗ ಕೇಬಲ್ ದಪ್ಪದ ಇಪ್ಪತ್ತು ಪಟ್ಟಿಗಿಂತ ಕಡಿಮೆ ತ್ರಿಜ್ಯದಲ್ಲಿ ಬಗ್ಗಿಸಬಾರದು, ಕೂರಿಸಿದ ಮೇಲೆ ಹತ್ತು ಪಟ್ಟಿಗಿಂತ ಕಡಿಮೆ ಆಗಬಾರದು. ಆತುರದಲ್ಲಿ ಮೂಲೆಯಲ್ಲಿ ಮಡಚಿದ ಕೇಬಲ್ಲು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ಒಳಗಿನ ಎಳೆ ಬಿರುಕು ಬಿಟ್ಟಿರುತ್ತದೆ. ಆರು ತಿಂಗಳಿಗೆ ಸಿಗ್ನಲ್ ಕೆಡುತ್ತದೆ. ಆಗ ಬೇರೊಂದು ತಂಡ ಅದೇ ಶಾಫ್ಟಿಗೆ, ಅದೇ ಏಣಿ ಹಿಡಿದು ಬರುತ್ತದೆ, ಹಳೆಯ ಕೇಬಲ್ಲನ್ನು ಬಿಟ್ಟು ಹೊಸದಕ್ಕೆ ಇನ್ನೊಂದು ತೂತು ಕೊರೆಯುತ್ತದೆ. ಸತ್ತ ಕೇಬಲ್ಲು ಶಾಫ್ಟಿನಲ್ಲಿ ಉರುವಲಾಗಿ ಉಳಿಯುತ್ತದೆ. ಒಳ್ಳೆಯ ಕಸುಬುಗಾರಿಕೆಗೆ ಸುರಕ್ಷತಾ ಪುಸ್ತಕದಲ್ಲಿ ಪ್ರತ್ಯೇಕ ಪಾಠವಿಲ್ಲದಿದ್ದರೂ ಒಂದೇ ಸಲಕ್ಕೆ ಸರಿಯಾಗಿ ಮುಗಿದ ಕೆಲಸದಷ್ಟು ಅಪಾಯ ತಪ್ಪಿಸುವುದು ಬೇರೊಂದಿಲ್ಲ. ಆಂಟೆನಾ, ಕೇಬಲ್ಲುಗಳನ್ನು ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಪೈಪಿಗೆ ಕಟ್ಟುವ ಅಭ್ಯಾಸವೂ ನಿಲ್ಲಬೇಕು. ಆ ಪೈಪು ತನ್ನ ನೀರಿನ ಭಾರ ಹೊರಲು ಇರುವುದು.

ಬೀದಿಯಲ್ಲಿ ಮರದಿಂದ ಕಂಬಕ್ಕೆ, ಕಂಬದಿಂದ ಬಾಲ್ಕನಿಗೆ ಜೋತುಬಿದ್ದ ಕೇಬಲ್ಲುಗಳ ಕಥೆ ಬೆಂಗಳೂರಿನವರಿಗೆ ಹೊಸದಲ್ಲ. ಗಾಜು ವಿದ್ಯುತ್ ಹರಿಸುವುದಿಲ್ಲ, ನಿಜ. ಆದರೆ ಕೇಬಲ್ಲಿನ ಭಾರ ಹೊರಲು ಜೊತೆಗಿಟ್ಟ ಉಕ್ಕಿನ ತಂತಿ, ಒಳಗಿನ ಉಕ್ಕಿನ ಕವಚ ಎರಡೂ ಹರಿಸುತ್ತವೆ. ಮೇಲಿನ ವಿದ್ಯುತ್ ತಂತಿಗೆ ಅದು ತಾಗಿದ್ದರೆ ಕೆಳಗೆ ನೇತಾಡುವ ತುದಿ ಮುಟ್ಟಿದವನ ಗತಿ ಹೇಳಬೇಕಿಲ್ಲ. ತುಂಡಾಗಿ ಬಿದ್ದ ಕೇಬಲ್ಲನ್ನು ಫೈಬರ್ ತಾನೇ ಎಂದು ಕೈಯಲ್ಲಿ ಸರಿಸಬೇಡಿ.

ಶಿಸ್ತು ಎಂದರೆ ಹೇಗಿರುತ್ತದೆಂದು ನೋಡಬೇಕಾದರೆ ಮೆಟ್ರೋ ಸುರಂಗದ ಕಡೆ ತಿರುಗಬೇಕು. ನಮ್ಮ ಮೆಟ್ರೋದಲ್ಲಿ ರೈಲಿಗೆ ವಿದ್ಯುತ್ ಬರುವುದು ಹಳಿಯ ಪಕ್ಕದ ಮೂರನೇ ಹಳಿಯಿಂದ, 750 ವೋಲ್ಟ್ ಡಿಸಿ. ಇಂಥ ಸುರಂಗಗಳಲ್ಲಿ ಉದ್ದಕ್ಕೂ ಅಲೆ ಸೂಸುತ್ತ ಹೋಗುವ ಲೀಕಿ ಕೇಬಲ್ ಹಾಕುವುದು ರೂಢಿ. ರೈಲು ನಿಂತ ರಾತ್ರಿಯ ಕೆಲವೇ ಗಂಟೆಗಳಲ್ಲಿ, ವಿದ್ಯುತ್ ಕಡಿದು, ಕಡಿದದ್ದನ್ನು ಪರೀಕ್ಷಿಸಿ, ಲಿಖಿತ ಅನುಮತಿ ಪಡೆದ ಮೇಲೆಯೇ ಹಳಿಗೆ ಇಳಿಯುವುದು. ಒಳಗೆ ಹೋದ ಜನ, ಸಾಮಾನು ಎಲ್ಲ ಹೊರಬಂದ ಲೆಕ್ಕ ಸಿಕ್ಕ ಮೇಲೆಯೇ ವಿದ್ಯುತ್ ಮರಳುವುದು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಇದೇ ಕಸುಬಿನವರಿಗೆ ನಾವು ಕೇಳುವುದು ಹೆಸರು, ಫೋನ್ ನಂಬರು, ಸಹಿ. ಯಾವ ಶಾಫ್ಟು, ಎಷ್ಟು ಹೊತ್ತು, ಎಲ್ಲಿ ಡ್ರಿಲ್ಲು, ಯಾವ ಸ್ವಿಚ್ಚು ಆಫ್, ಇಷ್ಟನ್ನು ಬರೆದ ಒಂದು ಹಾಳೆಯ ಪರ್ಮಿಟ್ಟು ಸಂಘದ ಇಂಜಿನಿಯರ್ ಕೊಡುವುದು ಕಷ್ಟದ ಮಾತಲ್ಲ.

ತಾರಸಿಯ ಆಂಟೆನಾ, ಜಿಪಿಎಸ್ ಆಂಟೆನಾಗಳಿಗೆ ಸಿಡಿಲಿನ ರಕ್ಷಣೆ ಬೇಕು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಸಂಜೆ ಮಳೆ ಗುಡುಗು ಸಿಡಿಲು ಸಮೇತವೇ ಬರುತ್ತದೆ. ಕಂಬಕ್ಕೂ ಫೀಡರ್ ಕೇಬಲ್ಲಿನ ಲೋಹದ ಹೊದಿಕೆಗೂ ಕಟ್ಟಡದ ಅರ್ತಿಂಗಿಗೆ ಸಂಪರ್ಕವಿರಬೇಕು, ಒಳಗೆ ಬರುವ ಮೊದಲು ಸರ್ಜ್ ಅರೆಸ್ಟರ್ ಇರಬೇಕು. ಮೋಡ ಕಪ್ಪಾದಾಗ ತಾರಸಿಯಲ್ಲಿ ಕೆಲಸ ಮಾಡಿಸಬಾರದು.

ಸಿಗ್ನಲ್ ಬೂಸ್ಟರನ್ನು ಆನ್‌ಲೈನಿನಲ್ಲಿ ಕೊಂಡು ತಾವೇ ಹಚ್ಚಿಕೊಳ್ಳುವವರಿಗೆ ಒಂದು ಮಾತು. ಪರವಾನಗಿ ಪಡೆದ ಮೊಬೈಲ್ ಕಂಪನಿಗಳನ್ನು ಬಿಟ್ಟು ಬೇರೆಯವರು ಅದನ್ನು ಮಾರುವುದೂ ಬಳಸುವುದೂ ಭಾರತದಲ್ಲಿ ಕಾನೂನುಬಾಹಿರ. ಅಗ್ಗದ ಬೂಸ್ಟರು ಟವರಿನತ್ತ ಗದ್ದಲವನ್ನೂ ಕಳಿಸಿ ಅಕ್ಕಪಕ್ಕದವರ ಕರೆಗಳನ್ನು ಕೆಡಿಸುತ್ತದೆ. ಅವುಗಳಲ್ಲಿ ಆಂಬುಲೆನ್ಸಿಗೆ ಹೋದ ಕರೆಯೂ ಇರಬಹುದು.

ಇಷ್ಟೆಲ್ಲ ನಿಯಮ ಕಾಗದದಲ್ಲಿದ್ದರೂ ಯಾಕೆ ನಡೆಯುವುದಿಲ್ಲ? ನನ್ನ ಮಟ್ಟಿಗೆ ದೊಡ್ಡ ಕಾರಣ ದರ. ಕಂಪನಿಯಿಂದ ಗುತ್ತಿಗೆದಾರನಿಗೆ, ಅವನಿಂದ ಉಪಗುತ್ತಿಗೆದಾರನಿಗೆ, ಅಲ್ಲಿಂದ ಮೇಸ್ತ್ರಿಗೆ ಕೆಲಸ ಇಳಿಯುತ್ತ ಬರುತ್ತದೆ, ಪ್ರತಿ ಮೆಟ್ಟಿಲಿನಲ್ಲೂ ದುಡ್ಡು ಕರಗುತ್ತದೆ. ಎಷ್ಟು ಮೀಟರ್ ಕೇಬಲ್ ಎಳೆದೆ, ಎಷ್ಟು ಆಂಟೆನಾ ಹಾಕಿದೆ ಎಂಬುದಕ್ಕೆ ಕೂಲಿ. ತೂತು ಮುಚ್ಚಿದ್ದಕ್ಕೆ, ಹಾರ್ನೆಸ್ ಸಿಕ್ಕಿಸಲು ಕಳೆದ ಹತ್ತು ನಿಮಿಷಕ್ಕೆ, ಸ್ಕ್ಯಾನರ್ ತರಿಸಿದ್ದಕ್ಕೆ ಯಾರೂ ಕೊಡುವುದಿಲ್ಲ. ರಾಯಚೂರು, ಯಾದಗಿರಿ ಕಡೆಯಿಂದ, ಬಿಹಾರ, ಒಡಿಶಾದಿಂದ ಬಂದ ಹುಡುಗರು ಕೆಲಸ ಬಿಟ್ಟುಹೋದೀತೆಂಬ ಭಯದಲ್ಲಿ ಹೇಳಿದ್ದಕ್ಕೆಲ್ಲ ಹೂಂ ಎನ್ನುತ್ತಾರೆ. ಅವರನ್ನು ಅಜಾಗರೂಕರೆಂದು ಬೈಯುವುದು ಅನ್ಯಾಯ.

ಇದನ್ನು ಬದಲಿಸುವ ಒಂದು ಹಿಡಿ ಸಂಘಗಳ ಕೈಯಲ್ಲಿದೆ, ಏಕೆಂದರೆ ಶಾಫ್ಟಿನ ಬೀಗದ ಕೈ ಅವರ ಬಳಿಯೇ ಇರುವುದು. ಒಪ್ಪಂದ ಮಾಡಿಕೊಳ್ಳುವಾಗ ಪ್ರತಿ ತೂತನ್ನು ಮುಚ್ಚುವುದಕ್ಕೆ ಬೇರೆಯೇ ದರ ಬರೆಸಬೇಕು, ಯಾವ ವಸ್ತುವೆಂದೂ ನಮೂದಿಸಬೇಕು. ಏಣಿ ಹತ್ತುವ ಪ್ರತಿಯೊಬ್ಬನ ವಿಮೆಯ ಪ್ರತಿ ಕೇಳಬೇಕು. ಹಳೆಯ ಸತ್ತ ಕೇಬಲ್ ತೆಗೆಯುವುದೂ ಅದೇ ಗುತ್ತಿಗೆಯಲ್ಲಿರಬೇಕು. ಮಹಡಿವಾರು ಫೋಟೋ ಬಂದು, ಸಂಘದವರೊಬ್ಬರು ಕಣ್ಣಾರೆ ನೋಡಿ ಸಹಿ ಹಾಕಿದ ಮೇಲೆ ಕೊನೆಯ ಕಂತು ಕೊಡಬೇಕು. ಫೈಬರ್ ಎಲ್ಲಿ ಹಾದಿದೆ, ಆಂಟೆನಾಗಳು ಎಲ್ಲಿವೆ, ತಾರಸಿಯ ಸೆಕ್ಟರ್ ಆಫ್ ಮಾಡಿಸಲು ಯಾವ ನಂಬರಿಗೆ ಕರೆ ಮಾಡಬೇಕು, ಇವೆಲ್ಲ ಇರುವ ನಕ್ಷೆಯ ಒಂದು ಪ್ರತಿ ಸೆಕ್ಯುರಿಟಿ ಕೋಣೆಯಲ್ಲಿ, ಇನ್ನೊಂದು ಕಡತದಲ್ಲಿ ಇರಲಿ. ಮುಂದಿನ ಸಲ ಬರುವ ತಂಡ ಅದನ್ನು ನೋಡಿದ ಮೇಲೆಯೇ ಡ್ರಿಲ್ಲಿನ ಪ್ಲಗ್ ಹಾಕಲಿ.